ಏಳು ಅಡಿವೆಪ್ಪಂದಿರು

ನಮ್ಮೂರಿಗೊಂದು ಕಟ್ಟಳೆ ಇದೆ, ನಗಬೇಡಿ. ಊರೊಳಗೆ ಜಡ್ಡು, ಅಂದರೆ ಸಾವು ತರುವ ರೋಗ, ಬಂದ ದಿನದಿಂದ ಯಾರೂ ಯಾರ ಹೆಸರನ್ನೂ ಬಾಯಿಬಿಟ್ಟು ಹೇಳಬಾರದು. ಜಡ್ಡಿಗೆ ಕಣ್ಣಿಲ್ಲ, ಮೂಗಿಲ್ಲ, ಬರೀ ಕಿವಿ. ಓಣಿಯ ಮೂಲೆಯಲ್ಲಿ ಕೂತು ಅದು ಹೆಸರು ಕೇಳಿಸಿಕೊಳ್ಳುತ್ತದೆ. ಕೇಳಿಸಿಕೊಂಡ ಹೆಸರು ಹಿಡಿದು ಬಾಗಿಲಿಗೆ ಬಂದು, ನಮ್ಮವರದೇ ದನಿಯಲ್ಲಿ ಕೂಗುತ್ತದೆ. ಓ ಅಂದಿರೋ, ಮುಗಿಯಿತು. ಆದರೆ ಅದಕ್ಕಿರುವುದು ಎರಡೇ ಕೂಗಿನ ಬಲ. ಮೂರನೇ ಸಲ ಕೂಗುವ ತ್ರಾಣ ಅದಕ್ಕಿಲ್ಲ. ಮೂರನೇ ಸಲ ಕೂಗುವವರು ಮನುಷ್ಯರು ಮಾತ್ರ. ಅದಕ್ಕೇ ನಮ್ಮೂರ ಕೂಸುಗಳು ಮಾತು ಕಲಿಯುವುದಕ್ಕಿಂತ ಮೊದಲು ಎರಡು ಕೂಗಿಗೆ ಸುಮ್ಮನಿರುವುದನ್ನು ಕಲಿಯುತ್ತವೆ.

ಹೆಸರುಗಳನ್ನೆಲ್ಲ ಹೀಗೆ ಒಳಗಿಟ್ಟುಕೊಂಡು, ಜಡ್ಡು ಹೋಗುವ ತನಕ ಕಸಬು ಹಿಡಿದು ಒಬ್ಬರನ್ನೊಬ್ಬರು ಕರೆಯುತ್ತೇವೆ. ನಮ್ಮ ಮನೆಯವರು ಮಗ್ಗದವರು. ನಾನು ಕಂಡಿಕೆಯವಳು, ಅವರ ಲಾಳಿಗೆ ನೂಲು ಸುತ್ತಿ ಕೊಡುವವಳು. ಗೋಡೆಯ ಆಚೆ ಕುಂಬಾರ ಮತ್ತು ಕುಂಬಾರ್ತಿ. ಗೋಡೆಯಲ್ಲಿ ಒಂದು ಇಟ್ಟಿಗೆ ಸಡಿಲವಿತ್ತು. ಅದನ್ನು ತೆಗೆದರೆ ಒಂದು ಕಿಂಡಿ. ನಮ್ಮಿಬ್ಬರ ಸಂಸಾರದ ಉಪ್ಪು, ಬೆಂಕಿ, ಚಾಡಿ ಎಲ್ಲ ಅದೇ ದಾರಿಯಲ್ಲಿ ಓಡಾಡುತ್ತಿತ್ತು.

ಈ ಸಲ ಜಡ್ಡು ಬಂದಾಗ ಪಂಚಾಯ್ತಿಯ ಐವರು ಕಟ್ಟೆಯ ಮೇಲೆ ಕೂತರು. ಐವರೂ ಬಾಯಿಗೆ ಬಿಳಿ ಅರಿವೆ ಕಟ್ಟಿಕೊಂಡಿದ್ದರು. ಬಾಯಿ ಕಟ್ಟಿಕೊಂಡವರ ಮಾತನ್ನು ನಂಬುವುದು ಹೇಗೆ, ನೀವೇ ಹೇಳಿ. ನಗುತ್ತಿದ್ದಾರೋ, ಹಲ್ಲು ಕಡಿಯುತ್ತಿದ್ದಾರೋ, ಯಾರಿಗೆ ಗೊತ್ತು? ಅವರು ಡಂಗುರ ಹೊಡೆಸಿದರು. ಎಲ್ಲರ ಬಾಗಿಲೂ ಮುಚ್ಚಿರಬೇಕು. ಹೊಸ್ತಿಲ ಹೊರಗೊಂದು ಗಡಿಗೆ ಇಡಬೇಕು. ಮುಂಜಾನೆ ಪಂಚಾಯ್ತಿಯವಳು ಬಂದು ಪಟ್ಟಿಯಲ್ಲಿದ್ದ ಹೆಸರು ಮೂರು ಸಲ ಕೂಗುತ್ತಾಳೆ. ಒಳಗಿನಿಂದ ಓ ಅಂದವರಿಗೆ ತಲೆಗೊಂದು ಸೌಟು ಗಂಜಿ. ಓ ಅನ್ನದಿದ್ದರೆ ಹೊರುವವರು ಬಂದು ಬಾಗಿಲು ತೆರೆದು ನೋಡುತ್ತಾರೆ. ಜ್ವರ ಬಂದವರನ್ನು ಹಳ್ಳದ ಆಚೆಯ ಹೊರಮನೆಗೆ ಒಯ್ದು ಆರೈಕೆ ಮಾಡುತ್ತಾರೆ.

ಪಟ್ಟಿಯಂತೆ! ಹೆಸರಂತೆ!

ಆವತ್ತು ಊರಲ್ಲಿ ಒಂದು ಒಲೆಯೂ ಸರಿಯಾಗಿ ಉರಿಯಲಿಲ್ಲ. ಜಡ್ಡಿಗೂ ಹೆಸರು ಬೇಕು, ಪಂಚಾಯ್ತಿಗೂ ಹೆಸರು ಬೇಕು. ಎರಡಕ್ಕೂ ಒಂದೇ ಹಸಿವು ಅಂದಮೇಲೆ ಎರಡೂ ಒಂದೇ ತಾಟಿನಲ್ಲಿ ಉಣ್ಣುತ್ತಿರಬೇಕಲ್ಲ? ಕುಂಬಾರ್ತಿ ಕಿಂಡಿಗೆ ಬಾಯಿ ಹಚ್ಚಿ ಕೇಳಿದಳು.

"ಅಕ್ಕಾ, ಏನು ಮಾಡೂಣು? ಹೆಸರು ಕೊಟ್ರ ಉಸಿರು ಕೊಟ್ಟಂಗ. ಕೊಡಲಿಲ್ಲಂದ್ರ ಗಂಜಿ ಇಲ್ಲ."

"ಹಾವೂ ಸಾಯಬಾರದು, ಕೋಲೂ ಮುರೀಬಾರದು," ಅಂದೆ ನಾನು. "ಸತ್ತವರ ಹೆಸರು ಕೊಡು. ಜಡ್ಡು ಬಂದು ಸತ್ತವರನ್ನ ಮತ್ತೊಮ್ಮೆ ಕೊಲ್ಲತೈತೇನು?"

"ಯಾರದು ಕೊಡಲಿ?"

"ಕಿವುಡ ಅಡಿವೆಪ್ಪಂದು ಕೊಡು. ನಾನೂ ಅದನ್ನ ಕೊಡಾಕಿ."

ಕಿವುಡ ಅಡಿವೆಪ್ಪ ನಮ್ಮೂರ ಹಿರಿಯ. ಸತ್ತು ಮೂವತ್ತು ವರ್ಷವಾಗಿತ್ತು. ಹಿಂದಿನ ಸಲ ಜಡ್ಡು ಬಂದಾಗ ಅದು ಅವನ ಬಾಗಿಲಲ್ಲಿ ನಿಂತು ಗಂಟಲು ಹರಿದುಕೊಂಡರೂ ಅವನಿಗೆ ಕೇಳಿಸಲೇ ಇಲ್ಲವಂತೆ. ಓ ಅನ್ನಲಿಲ್ಲ, ಸಾಯಲೂ ಇಲ್ಲ. ತೊಂಬತ್ತು ದಾಟಿ, ಹಲ್ಲಿಲ್ಲದ ಬಾಯಲ್ಲಿ ಶೇಂಗಾ ಚೀಪುತ್ತಾ, ತನ್ನ ಖುಷಿಯಿಂದ ಹೋದ. ಅಂಥವನ ಹೆಸರು ಅಂದರೆ ಕಬ್ಬಿಣದ ಕೋಟೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ, ಸುಳ್ಳೇಕೆ ಹೇಳಲಿ.

ಮರುದಿನ ಪಂಚಾಯ್ತಿಯವಳು ಪಟ್ಟಿ ಹಿಡಿದು ಬಂದಳು. ನಾವು ಅವಳನ್ನು ಕೂಗುವಾಕೆ ಅಂತಿದ್ದೆವು. ಮೊದಲು ಪಂಚಾಯ್ತಿಯ ಅಂಗಳ ಗುಡಿಸುತ್ತಿದ್ದಳು. ಜಡ್ಡು ಬಂದ ಮೇಲೆ ಅವಳ ಕೈಗೆ ಒಂದು ಕಂಚಿನ ತಾಟು, ಒಂದು ಕೋಲು, ಒಂದು ಬಕೆಟ್ಟು ಗಂಜಿ ಕೊಟ್ಟಿದ್ದರು. ಬಾಗಿಲಿನ ಸಂದಿಯಿಂದ, ಬಾಯಿಗೆ ಅರಿವೆ ಕಟ್ಟಿದ್ದ ಅವಳ ಕಣ್ಣೆರಡು ಮಾತ್ರ ಕಾಣುತ್ತಿದ್ದವು.

"ಮನಿಯಾಗ ಎಷ್ಟು ಮಂದಿ ಅದೀರಿ ಅಕ್ಕಾ?"

"ಇಬ್ಬರು."

"ನಿನ್ನ ಹೆಸರು?"

ನಮ್ಮತ್ತೆಯ ಹೆಸರು ಕೊಟ್ಟೆ. ಬದುಕಿದ್ದಾಗ ನನಗೊಂದು ಉಪಕಾರ ಮಾಡದವಳು ಸತ್ತ ಮೇಲಾದರೂ ಮಾಡಲಿ ಅಂತ.

"ನಿನ್ನ ಗಂಡಂದು?"

ಗಂಡನ ಹೆಸರನ್ನು ನಾನು ಜಡ್ಡು ಇಲ್ಲದ ಕಾಲದಲ್ಲೂ ಹೇಳಿದವಳಲ್ಲ. ಮದುವೆಯ ದಿನ ಒಡಪಿನ ಪದದಲ್ಲಿ ಕಟ್ಟಿ ಒಂದು ಸಲ ಅಂದದ್ದು, ಅಷ್ಟೇ. "ಅಡಿವೆಪ್ಪ," ಅಂದೆ.

ಕೂಗುವಾಕೆ ಬರೆಯುವ ಕೈ ನಿಲ್ಲಿಸಿದಳು. "ಇದು ಏಳನೇ ಅಡಿವೆಪ್ಪ," ಅಂದಳು. "ಖರೇ ಹೆಸರು ಹೇಳಕ್ಕ. ನಾಳೆ ಯಾವುದಕ್ಕರ ಬೇಕಾಗತೈತಿ."

"ಅದ ಖರೇ. ಬೇಕಂದ್ರ ಬರಕೋ, ಬ್ಯಾಡಂದ್ರ ಬಿಡು."

ಬರೆದುಕೊಂಡು ಹೋದಳು. ಕುಂಬಾರ್ತಿ ನನ್ನ ಉಪಾಯವನ್ನು ಆಚೆ ಮನೆಗೆ ದಾಟಿಸಿದ್ದಳು, ಆಚೆ ಮನೆಯವಳು ಅದರಾಚೆಗೆ. ಹೀಗೆ ಒಂದು ಓಣಿಯಲ್ಲಿ ಏಳು ಮಂದಿ ಅಡಿವೆಪ್ಪಂದಿರಾದರು.

ಅಲ್ಲಿಂದ ದಿನಾ ಮುಂಜಾನೆ ಅದೇ. ತಾಟಿಗೆ ಕೋಲಿನ ಒಂದು ಪೆಟ್ಟು. ಅಡಿವೆಪ್ಪಾ, ಅಡಿವೆಪ್ಪಾ, ಅಡಿವೆಪ್ಪಾ. ಒಳಗಿನಿಂದ ನಮ್ಮವರು ಓ ಅನ್ನುವರು. ಗಡಿಗೆಗೆ ಗಂಜಿ ಬೀಳುವ ಸದ್ದು. ಪಕ್ಕದ ಮನೆಯ ಮುಂದೆ ಮತ್ತೆ ಪೆಟ್ಟು, ಮತ್ತೆ ಅಡಿವೆಪ್ಪಾ, ಮತ್ತೆ ಓ. ಸತ್ತ ಒಬ್ಬ ಮುದುಕ ಏಳು ಮನೆಗಳೊಳಗಿಂದ ಏಳು ದನಿಯಲ್ಲಿ ಓಗೊಡುತ್ತಿದ್ದ.

ಗಂಜಿಯನ್ನು ನಾನು ಮೊದಲು ಬೆಕ್ಕಿಗೆ ಹಾಕಿದೆ. ಬೆಕ್ಕು ತಿಂದು, ತಾಟು ನೆಕ್ಕಿ, ಬಿಸಿಲಿಗೆ ಹೋಗಿ ಮಲಗಿತು. ಸಾಯಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಅನುಮಾನ ಬಂತು. ಬೆಕ್ಕಿಗೆ ಏನೂ ಆಗದ ಹಾಗೆ ಮನುಷ್ಯರಿಗಷ್ಟೇ ತಾಗುವಂಥದ್ದು ಏನು ಹಾಕಿರಬಹುದು?

"ಗಂಜಿ ಕಹಿ ಐತಿ ನೋಡು," ಅಂದೆ ನಮ್ಮವರಿಗೆ.

"ಬೇವಿನ ಚಕ್ಕಿ ಹಾಕ್ಯಾರ, ಜ್ವರಕ್ಕ ಚಲೋ," ಅಂದರು. "ನಿನಗ ಸಕ್ಕರಿ ಹಾಕಿ ಕೊಟ್ರೂ ಯಾಕ ಸಿಹಿ ಐತಿ ಅಂತ ಕೇಳಾಕಿ ನೀನು."

ಅವರ ಸ್ವಭಾವವೇ ಹಾಗೆ. ಲಾಳಿ ಹೋದ ಕಡೆ ಹೋಗಿ ಬಂದ ಕಡೆ ಬರುವ ಮನುಷ್ಯ. ಯಾರಾದರೂ ಯಾತಕ್ಕೆ ಉಪಕಾರ ಮಾಡುತ್ತಾರೆ ಅಂತ ಒಂದು ದಿನ ಕೇಳಿದವರಲ್ಲ. ನನಗೆ ಹಾಗಲ್ಲ. ನಾನು ಬಾಗಿಲ ಸಂದಿಗೆ ಕಣ್ಣಿಟ್ಟು ನೋಡುತ್ತಿದ್ದೆ, ನೋಡಬಾರದ್ದನ್ನು ನೋಡಿಯೂ ಬಿಟ್ಟೆ.

ಓಣಿಯ ಕೊನೆಗೆ ಪಂಚಾಯ್ತಿಯ ಹಳೆಯ ಚಾವಡಿ. ಒಳಗೆ ಯಾರೂ ಇಲ್ಲ. ರಾತ್ರಿ ಅಲ್ಲಿ ಮಲಗುವವಳು ಕೂಗುವಾಕೆ ಒಬ್ಬಳೇ. ಎಲ್ಲ ಮನೆ ಮುಗಿಸಿದ ಮೇಲೆ ಅವಳು ಆ ಖಾಲಿ ಚಾವಡಿಯ ಮುಚ್ಚಿದ ಬಾಗಿಲ ಮುಂದೆ ನಿಂತಳು. ತಾಟು ಬಡಿದಳು. ತಗ್ಗಿದ ದನಿಯಲ್ಲಿ ಏನೋ ಒಂದು ಹೆಸರನ್ನು ಮೂರು ಸಲ ಕೂಗಿದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ, ನನ್ನ ಎರಡು ಕಣ್ಣಾಣೆ, ತಾನೇ ಓ ಅಂದಳು. ಹೊಸ್ತಿಲ ಮೇಲಿನ ಸಣ್ಣ ಬಟ್ಟಲಿಗೆ ಒಂದು ಸೌಟು ಗಂಜಿ ಹಾಕಿದಳು. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ.

ಕಿಂಡಿಯ ಇಟ್ಟಿಗೆ ಕಿತ್ತೆ. "ಕುಂಬಾರ್ತಿ, ಗೊತ್ತಾತು. ಜಡ್ಡನ್ನ ಚಾವಡಿಯೊಳಗ ಸಾಕ್ಯಾರ. ಈಕಿ ದಿನಾ ಅದಕ್ಕ ಉಣ್ಣಾಕ ಹಾಕಿ ಮಾತಾಡಿಸಿ ಬರ್ತಾಳ."

"ಯವ್ವಾ! ಖರೇನ?"

"ಕಣ್ಣಾರೆ ಕಂಡೀನಿ."

ಸಂಜೆಯೊಳಗೆ ಆ ಮಾತು ಕಿಂಡಿಯಿಂದ ಕಿಂಡಿಗೆ ಇಡೀ ಊರು ಸುತ್ತಿತು. ಮುಂಜಾನೆ ಕೂಗುವಾಕೆ ಬಂದಾಗ ಒಂದೆರಡು ಬಾಗಿಲ ಕೆಳಗಿನಿಂದ ಬೂದಿ ತೂರಿದರಂತೆ. ಅವಳು ಸೀರೆ ಕೊಡವಿಕೊಂಡು ಮುಂದಿನ ಮನೆಯ ಹೆಸರು ಕೂಗಿದಳು.

ಅಮಾವಾಸ್ಯೆ ಕಳೆದು ನಾಲ್ಕನೇ ದಿನ ಕುಂಬಾರನಿಗೆ ಜ್ವರ ಬಂತು. ಹೊರುವವರು ಬಂದು ಒಯ್ದರು. ಅವರು ಬೇರೆ ಊರಿನವರು, ನಮ್ಮ ಮುಖ ಪರಿಚಯ ಇಲ್ಲದವರು. ಆರನೇ ದಿನ ನಮ್ಮವರ ಮೈ ಕಾದ ಹಂಚಾಯಿತು. ಬಚ್ಚಿಡಬೇಕು ಅಂತ ಮಾಡಿದ್ದೆ. ಮಗ್ಗದ ಗುಂಡಿಯಲ್ಲಿ ಮಲಗಿಸಿ ಮೇಲೆ ಸೀರೆ ಹೊದೆಸಿದೆ. ಮೂರನೇ ಕೂಗಿಗೆ ನಾನೇ ಗಂಡು ದನಿ ಮಾಡಿ ಓ ಅಂದೆ. ಕೂಗುವಾಕೆ ಗಂಜಿ ಹಾಕಲಿಲ್ಲ, ಹೋಗಲೂ ಇಲ್ಲ.

"ಅಕ್ಕಾ, ಬಾಗಿಲಾ ತಗಿ. ಒಳಗ ಬಚ್ಚಿಟ್ರ ಬದುಕಾಂಗಿಲ್ಲ."

ನಮ್ಮವರೇ ಒಳಗಿಂದ ಕ್ಷೀಣವಾಗಿ ಅಂದರು, "ತಗಿಯೇ. ಹೋಗಿ ಬರ್ತೀನಿ."

ಹೊರುವವರು ಬಿದಿರಿನ ತಟ್ಟಿಯ ಮೇಲೆ ಮಲಗಿಸುವಾಗ, ಕುಂಬಾರನಿಗೆ ಹೇಳಿಸಿದ್ದನ್ನೇ ಅವರ ಕಿವಿಯಲ್ಲೂ ಹೇಳಿದೆ. "ಏನ್ರಿ, ಅಲ್ಲಿ ಯಾರು ಏನು ಕೇಳಿದರೂ ಅಡಿವೆಪ್ಪ ಅಂತ ಅನ್ರಿ. ಕಸಬು ಕೇಳಿದರೂ ಅಡಿವೆಪ್ಪ, ಓಣಿ ಕೇಳಿದರೂ ಅಡಿವೆಪ್ಪ. ನಿಮ್ಮ ಹೆಸರು ಹಿಡಿದು ಯಾರರ ಕರದ್ರ ಮೂರನೇ ಕೂಗಿನ ತನಕ ತುಟಿ ಎರಡು ಮಾಡಬ್ಯಾಡ್ರಿ. ನನ್ನ ಆಣಿ." ಅವರು ತಲೆ ಅಲ್ಲಾಡಿಸಿದರು. ಹೊರಮನೆಗೆ ಹೋದವರ ಮುಂಗೈಗೆ ಪಟ್ಟಿಯಲ್ಲಿದ್ದ ಹೆಸರು ಬರೆದು ಕಟ್ಟುತ್ತಾರೆ. ಕುಂಬಾರನ ಕೈಗೂ ಅಡಿವೆಪ್ಪ, ನಮ್ಮವರ ಕೈಗೂ ಅಡಿವೆಪ್ಪ.

ಅವರಿಲ್ಲದ ಮನೆಯಲ್ಲಿ ಮಗ್ಗ ಸುಮ್ಮನಾಯಿತು. ಮೂವತ್ತೆರಡು ವರ್ಷ ಆ ಸದ್ದಿನಲ್ಲಿ ಬದುಕಿದವಳು ನಾನು. ಕೆಲಸವಿಲ್ಲದಿದ್ದರೂ ಕಂಡಿಕೆ ಸುತ್ತಿದೆ. ಬುಟ್ಟಿ ತುಂಬಿತು, ಮತ್ತೊಂದು ಬುಟ್ಟಿ ತುಂಬಿತು. ಅವರು ಹೋದ ಎಂಟನೇ ದಿನ ತಡೆಯದೆ ಬಾಗಿಲ ಸಂದಿಯಿಂದ ಕೂಗುವಾಕೆಯನ್ನು ಕೇಳಿದೆ.

"ಹೆಂಗದಾರ?"

"ಯಾರು?"

"ಅಡಿವೆಪ್ಪ."

"ಯಾವ ಅಡಿವೆಪ್ಪ ಅಕ್ಕಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಆಚೆ ಇಬ್ಬರು ಅದಾರ. ಇಬ್ಬರಿಗೂ ಗಡ್ಡ ಬೆಳದೈತಿ, ಇಬ್ಬರೂ ಕಡ್ಡಿ ಆಗ್ಯಾರ. ಮಗ್ಗದವನೋ ತಿಗರಿಯವನೋ ಅಂತ ಕೇಳಿದರ ಇಬ್ಬರೂ ಅಡಿವೆಪ್ಪ ಅಂತಾರಂತ. ಹೊರುವವರು ನಕ್ಕು ನಕ್ಕು ಬಂದು ನನಗ ಹೇಳಿದರು. ಈಗರ ಖರೇ ಹೆಸರು ಕೊಡು, ತಿದ್ದತೀನಿ."

ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳ ಬಕೆಟ್ಟಿನ ತಳದಲ್ಲಿ ಉಳಿದ ಒಂದು ಸೌಟು ಗಂಜಿ ಕಂಡಿತು. ಚಾವಡಿಯ ಬಟ್ಟಲಿನ ಪಾಲು. ಈಕೆ ಹೆಸರಿಗೆ ಗಾಳ ಹಾಕುತ್ತಿದ್ದಾಳೆ, ಒಯ್ದು ಒಳಗಿನದಕ್ಕೆ ಹೇಳುತ್ತಾಳೆ ಅನ್ನಿಸಿತು. "ಅದ ಖರೇ ಹೆಸರು," ಅಂದು ಬಾಗಿಲಿಗೆ ಅಗುಳಿ ಹಾಕಿದೆ. ಆಚೆ ಮನೆಯಲ್ಲಿ ಕುಂಬಾರ್ತಿಯೂ ಅದನ್ನೇ ಅಂದದ್ದು ಕೇಳಿಸಿತು. ನಾನು ಕಲಿಸಿದ ಪಾಠ, ಒಂದಕ್ಷರ ತಪ್ಪಿರಲಿಲ್ಲ.

ಹನ್ನೊಂದನೇ ದಿನ ಮುಂಜಾನೆ ಊರ ಅಗಸಿ ಬಾಗಿಲಲ್ಲಿ ತಾಟು ಎರಡು ಸಲ ಬಡಿಯಿತು. ಒಂದು ಪೆಟ್ಟು ಜ್ವರ ಗೆದ್ದವರಿಗೆ, ಒಂದು ಪೆಟ್ಟು ಜ್ವರಕ್ಕೆ ಸೋತವರಿಗೆ. ಕೂಗುವಾಕೆಯ ದನಿ ಕೇಳಿಸಿತು.

"ಒಬ್ಬ ಅಡಿವೆಪ್ಪ ಗೆದ್ದ. ಒಬ್ಬ ಅಡಿವೆಪ್ಪ ಸೋತ."

ನಾನು ಬಾಗಿಲು ತೆರೆದೆ. ಪಕ್ಕದ ಬಾಗಿಲೂ ತೆರೆಯಿತು. ಒಂದು ತಿಂಗಳ ಮೇಲೆ ಕುಂಬಾರ್ತಿಯ ಇಡೀ ಮುಖ ನೋಡಿದೆ. ಕಿಂಡಿಯಲ್ಲಿ ಬರೀ ಬಾಯಿ ಕಾಣುತ್ತಿತ್ತು. ಇಬ್ಬರೂ ಹಳ್ಳದ ಕಡೆ ನಡೆದೆವು. ನನಗಿಂತ ಹನ್ನೆರಡು ವರ್ಷ ಸಣ್ಣವಳು. ಮದುವೆಯಾಗಿ ಬಂದಾಗ ನನ್ನ ಕೈಯಿಂದಲೇ ಮೊದಲ ಉಡಿ ತುಂಬಿಸಿಕೊಂಡವಳು. ಅವಳ ಪಕ್ಕದಲ್ಲಿ ನಡೆಯುತ್ತಾ ನನ್ನ ಮನಸ್ಸು ಏನು ಅಂದಿತು ಗೊತ್ತೇ? ಸೋತವನು ಅವಳವನಾಗಿರಲಿ ಅಂದಿತು. ಥೂ! ಹೇಳಲು ನಾಚಿಕೆ. ಆದರೆ ಅಂದಿತು, ಒಂದೊಂದು ಹೆಜ್ಜೆಗೂ ಅಂದಿತು. ಅವಳ ಮನಸ್ಸೂ ಅದನ್ನೇ ಅನ್ನುತ್ತಿತ್ತು. ಅವಳು ನನ್ನ ಕಡೆ ನೋಡದೆ ನಡೆದದ್ದಕ್ಕೇ ಅದು ಗೊತ್ತಾಯಿತು.

ಹಳ್ಳದ ಆಚೆ ಮಂಜಿತ್ತು. ಮಂಜಿನಲ್ಲಿ ಒಂದೇ ಒಂದು ಆಕೃತಿ, ತಲೆಯಿಂದ ಕಾಲಿನವರೆಗೆ ಕಂಬಳಿ ಹೊದ್ದು ನಿಂತಿತ್ತು. ನಮ್ಮವರು ಎತ್ತರ, ಕುಂಬಾರ ಗಿಡ್ಡ. ಆದರೆ ಜ್ವರ ಇಬ್ಬರನ್ನೂ ಒಂದೇ ಅಳತೆಗೆ ಬಗ್ಗಿಸಿತ್ತು. ಗೆದ್ದವನು ತಾನಾಗಿ ದಾಟಿ ಬರುವಂತಿಲ್ಲ. ಅದು ಪಂಚಾಯ್ತಿಯ ಕಟ್ಟಳೆಯಲ್ಲ, ನಮ್ಮೂರದೇ. ಮನುಷ್ಯನ ವೇಷದಲ್ಲಿ ಜಡ್ಡು ಬಂದರೆ? ಅದಕ್ಕೆ ಮನೆಯವರು ದಂಡೆಯಲ್ಲಿ ನಿಂತು ಹೆಸರನ್ನು ಮೂರು ಸಲ ಕೂಗಬೇಕು. ಮೊದಲೆರಡಕ್ಕೆ ಸುಮ್ಮನಿದ್ದು ಮೂರನೆಯದಕ್ಕೆ ಓ ಅಂದವನು ದಾಟಬೇಕು.

ಕೂಗುವಾಕೆ ನಮ್ಮ ಹಿಂದೆ ಬಂದು ನಿಂತಳು. "ಅಡಿವೆಪ್ಪ ಅಂದ್ರ ಓ ಅಂತಾನ. ಅದರಿಂದ ಏನೂ ತಿಳಿಯಾಂಗಿಲ್ಲ. ಖರೇ ಹೆಸರು ಕೂಗ್ರಿ," ಅಂದಳು.

"ಅಕ್ಕಾ, ನೀನ ಮೊದಲ ಕೂಗು," ಅಂದಳು ಕುಂಬಾರ್ತಿ.

"ನೀನ ಕೂಗು."

"ಹಿರ್ಯಾಕಿ ನೀನು."

ಇಬ್ಬರೂ ಕೂಗಲಿಲ್ಲ. ಕೂಗದೆ ಇರುವ ತನಕ ಇಬ್ಬರ ಗಂಡಂದಿರೂ ಬದುಕಿದ್ದರು. ಹೊತ್ತು ಏರಿತು. ಮಂಜು ಕರಗತೊಡಗಿತು. ಆಚೆ ದಂಡೆಯ ಕಂಬಳಿ ಒಂದು ಸಲ ವಾಲಿ, ಕೋಲು ಹಿಡಿದು ಮತ್ತೆ ನೆಟ್ಟಗಾಯಿತು. ಅವನಿಗೆ ನಿಲ್ಲುವ ಶಕ್ತಿ ಮುಗಿಯುತ್ತಿದೆ ಅಂತ ನನಗೆ ಗೊತ್ತಾಯಿತು. ಯಾರ ಗಂಡನಾದರೇನು, ಕರೆಯುವವರಿಲ್ಲದೆ ಒಬ್ಬ ಮನುಷ್ಯ ಅಲ್ಲಿ ಕುಸಿದು ಬೀಳುತ್ತಾನಲ್ಲ!

ಸೆರಗು ಬಿಗಿದೆ. ಕೂಗಿದೆ.

ಏನಂತ ಕೂಗಿದೆ ಅಂತ ಕೇಳಬೇಡಿ. ಆವತ್ತು ಮೂರು ಸಲ ಅಂದದ್ದೇ ಸಾಕು, ಇನ್ನೊಮ್ಮೆ ಅನ್ನುವವಳಲ್ಲ ನಾನು. ಮೊದಲ ಕೂಗಿಗೆ ಕಂಬಳಿ ಅಲುಗಲಿಲ್ಲ. ಎರಡನೇ ಕೂಗಿಗೂ ಅಲುಗಲಿಲ್ಲ. ಪಕ್ಕದಲ್ಲಿ ಕುಂಬಾರ್ತಿಯ ಉಸಿರು ಮೇಲೇರಿದ್ದು ಕೇಳಿಸಿತು. ಓರೆಗಣ್ಣಿನಿಂದ ನೋಡಿದೆ, ಅವಳ ಮುಖದಲ್ಲಿ ಆಸೆ ಮೂಡಿತ್ತು. ಮೂರನೆಯದು ಕೂಗಲೋ ಬೇಡವೋ ಅನ್ನಿಸಿತು. ಕೂಗಿದೆ.

"ಓ..." ಅಂದಿತು ಆಚೆ ದಂಡೆ.

ನನ್ನ ಆಣೆ ಇಟ್ಟು ಕಲಿಸಿದ್ದನ್ನು ಆ ಮನುಷ್ಯ ಅಕ್ಷರ ತಪ್ಪದೆ ಪಾಲಿಸಿದ್ದ. ನಮ್ಮವರು ಕೋಲೂರಿ ನೀರಿಗಿಳಿದು ನಮ್ಮ ಕಡೆ ಬರತೊಡಗಿದರು. ನಾನು ಓಡಲಿಲ್ಲ. ನನ್ನ ಕಾಲೆರಡೂ ಕುಂಬಾರ್ತಿಯ ಪಕ್ಕದಲ್ಲಿ ಹೂತು ಹೋಗಿದ್ದವು.

ಅವಳು ಅಳಲಿಲ್ಲ. ಮೊಣಕಾಲು ಮುಳುಗುವ ತನಕ ನೀರಿಗಿಳಿದಳು. ಎಲ್ಲ ಗೊತ್ತಾಗಿಯೂ, ಜೀವಮಾನದಲ್ಲಿ ಮೊದಲ ಸಲ, ಗಂಡನ ಹೆಸರು ಹಿಡಿದು ಕೂಗಿದಳು. ಎಷ್ಟು ಚೆಂದದ ಹೆಸರು ಅದು! ಹದಿನಾಲ್ಕು ವರ್ಷ ಗೋಡೆಗೆ ಗೋಡೆ ಇದ್ದು, ಅದು ಇಷ್ಟು ಚೆಂದ ಅಂತ ನನಗೇ ಗೊತ್ತಿರಲಿಲ್ಲ. ಒಂದು ಸಲ ಕೂಗಿದಳು. ಎರಡು ಸಲ ಕೂಗಿದಳು. ಮೂರನೇ ಸಲ ಕೂಗಿ ಕಾದಳು. ಹಳ್ಳದ ನೀರು ಹರಿಯುತ್ತಲೇ ಇತ್ತು. ಆಚೆ ದಂಡೆಯಲ್ಲಿ ಯಾರೂ ಇರಲಿಲ್ಲ.

"ಓ," ಅಂದಿತು ಒಂದು ದನಿ, ನಮ್ಮ ಬೆನ್ನ ಹಿಂದಿನಿಂದ.

ಕೂಗುವಾಕೆ ಅಂದದ್ದು. ಬಾಯಿಯ ಅರಿವೆ ಕೆಳಗೆ ಸರಿಸಿದ್ದಳು. ಅವಳಿಗೂ ಒಂದು ಮುಖ ಇತ್ತು.

ಕುಂಬಾರ್ತಿ ತಿರುಗಿದಳು. "ನೀ ಯಾಕ ಅಂದಿ?"

"ಕೂಗಿದ ಹೆಸರು ಬರಿಗೈಲೆ ತಿರುಗಿ ಬರಬಾರದು ತಂಗಿ. ಯಾರರ ಒಬ್ಬರು ಓ ಅನ್ನಬೇಕು." ಅವಳೇ ಮುಂದುವರಿಸಿದಳು, "ನಮ್ಮ ಕೆಂಚವ್ವ ಮೊದಲನೇ ವಾರದಾಗ ಹೋತು. ನನ್ನ ಮಗಳು, ಹನ್ನೊಂದು ವರ್ಷದ ಕೂಸು. ಐವರು ಪಟ್ಟಿಯಿಂದ ಹೆಸರು ತಗಿ ಅಂದ್ರು. ಇಡೀ ಪಟ್ಟಿಯಾಗ ಅದೊಂದ ಖರೇ ಹೆಸರು, ಹೆಂಗ ತಗೀಲಿ? ದಿನಾ ಚಾವಡಿ ಮುಂದ ನಿಂತು ಕೂಗತೀನಿ. ನಾನ ಓ ಅಂತೀನಿ. ಗಂಜಿ ಗುಬ್ಬಿ ತಿಂತಾವ."

ಬೂದಿ ತೂರಿದ ಊರು ನಮ್ಮದು. ಆ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ. ನನ್ನ ನಾಲಿಗೆಗೆ ಬರೆ ಎಳೆಯಬೇಕು ಅನ್ನಿಸಿತು. ಅವಳ ಕಾಲ ಬಳಿ ಕೂತೆ. ಅವಳು ಹಿಂದೆ ಸರಿದು, "ದೂರ ಕುಂಡರಕ್ಕ, ನಾನು ಹತ್ತು ಮನಿ ತಿರುಗಾಕಿ," ಅಂದಳು.

ನಮ್ಮವರು ಮನೆಗೆ ಬಂದರು. ಮಗ್ಗಕ್ಕೆ ಕೂರಲು ಇನ್ನೂ ತ್ರಾಣವಿರಲಿಲ್ಲ. ಎರಡು ಬುಟ್ಟಿ ಕಂಡಿಕೆ ನೋಡಿ, "ಇಷ್ಟು ಯಾವಾಗ ನೇಯಬೇಕ ನಾನು?" ಅಂದರು. ಗಂಜಿಯನ್ನು ನಾನು ಈಗಲೂ ಮೊದಲು ಬೆಕ್ಕಿಗೇ ಹಾಕುತ್ತೇನೆ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಆದರೆ ಪಟ್ಟಿಯಲ್ಲಿ ನಮ್ಮ ಮನೆಯ ಎರಡೂ ಹೆಸರನ್ನು ನಿಂತು ತಿದ್ದಿಸಿದೆ. ಉಳಿದ ಐದು ಅಡಿವೆಪ್ಪಂದಿರ ಮನೆಯವರೂ ಒಬ್ಬೊಬ್ಬರಾಗಿ ತಿದ್ದಿಸಿದರು. ಕುಂಬಾರ್ತಿ ಮಾತ್ರ ಸತ್ತ ಗಂಡನ ಖರೇ ಹೆಸರು ಬರೆಸಿದಳು. ಅಳಿಸುವುದಕ್ಕೆ ಬಿಡಲಿಲ್ಲ.

ಮರುದಿನ ಮುಂಜಾನೆ ಅವಳ ಬಾಗಿಲಲ್ಲಿ ತಾಟು ಬಡಿಯಿತು. ಕೂಗುವಾಕೆ ಆ ಚೆಂದದ ಹೆಸರನ್ನು ಒಂದು ಸಲ ಕೂಗಿದಳು. ಎರಡು ಸಲ ಕೂಗಿದಳು. ಮೂರು ಸಲ ಕೂಗಿದಳು. ನಾನು ಇಟ್ಟಿಗೆ ತೆಗೆದೆ. ಕಿಂಡಿಯಾಚೆ ಕುಂಬಾರ್ತಿ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು.

ನಾನು ಗೋಡೆಯ ಈಚೆಯಿಂದ, "ಓ," ಅಂದೆ.

ಅವಳ ಗಡಿಗೆಗೆ ಗಂಜಿ ಬಿದ್ದ ಸದ್ದು ಕೇಳಿಸಿತು.